ಅರ್ಧ ಕೂದಲು ಹತ್ತಿರ

ಈ ಕೆಲಸಕ್ಕೆ ಸೇರಬೇಕೆಂದು ಅರ್ಜಿ ಹಿಡಿದು ಓಡಾಡುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಹಗಲೆಲ್ಲ ಕಾಯುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ಬಂದಿತೋ ಇಲ್ಲವೋ ಎಂಬುದನ್ನು ಒಂದು ಪರದೆ ಹೇಳುತ್ತದೆ. ಪರದೆಯ ಮೇಲೆ ಮಟ್ಟಸವಾಗಿ ಮಲಗಿರುವ ಗೆರೆ ಒಂದು ಕಡೆ ಸ್ವಲ್ಪ ಉಬ್ಬಿದರೆ ಬೆಳಕು ಬಂತು ಎಂದರ್ಥ. ಆ ಉಬ್ಬು ನೋಡಿ ದೊಡ್ಡ ದೊಡ್ಡ ಡಿಗ್ರಿಯವರು ಕೈ ಕುಲುಕಿಕೊಳ್ಳುತ್ತಾರೆ. ನೀವೂ ಹಿಂದೆ ನಿಂತು ಹಲ್ಲು ಬಿಡಬೇಕು. ಇದರಿಂದ ಏನು ಪ್ರಯೋಜನ ಎಂದು ಮಾತ್ರ ಕೇಳಬಾರದು. ನಾನು ಮೊದಲ ವರ್ಷ ಕೇಳಿ, ಎರಡು ತಿಂಗಳು ಪಂಪಿನ ಎಣ್ಣೆ ಬದಲಾಯಿಸುವ ಕೆಲಸಕ್ಕೆ ಬಿದ್ದೆ.

ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಾಲು ಕರೆದು ಡೇರಿಗೆ ಹಾಕುವ ನನ್ನ ಅಣ್ಣ ಒಮ್ಮೆ ಕೇಳಿದ.

"ಅಲ್ಲಿ ಅದೇನ್ ಮಾಡ್ತೀಯಲಾ?"

"ಬೆಳಕು ತಯಾರು ಮಾಡ್ತೀವಿ."

"ಅಂಗಾದ್ರೆ ಒಂದ್ ದಿನ ಬತ್ತೀನಿ, ತೋರ್ಸು."

"ಅದು ಕಾಣಲ್ಲ ಕಣಣ್ಣ."

ಹಸುವಿನ ಮೈ ತೊಳೆಯುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನು ನೋಡಿದ. "ಕಾಣ್ದೇ ಇರೋ ಬೆಳಕ್ಗೆ ಅಷ್ಟೊಂದು ಕರೆಂಟಾ? ನಮ್ ಮೋಟ್ರಿಗೆ ಮೂರ್ ಗಂಟೆ ಕರೆಂಟ್ ಕೊಡಾಕೆ ಅಳ್ತಾರೆ ಕಣ್ಲಾ."

ಆಮೇಲೆ ಎಷ್ಟೋ ಪರಿಶೀಲನಾ ಸಮಿತಿಗಳು ಬಂದು ಹೋದವು. ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಯಂತ್ರದ ಹೆಸರು ಫ್ರೀ ಎಲೆಕ್ಟ್ರಾನ್ ಲೇಸರ್. ಫ್ರೀ ಅಂದರೆ ಬಿಟ್ಟಿ ಅಂದುಕೊಂಡವರು ನಮ್ಮ ಕಟ್ಟಡದ ವಿದ್ಯುತ್ ಬಿಲ್ಲು ನೋಡಬೇಕು. ಒಂದು ಉದ್ದ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಗುಂಪು ಗುಂಪಾಗಿ ಓಡಿಸುತ್ತೇವೆ. ದಾರಿಯ ಮೇಲೂ ಕೆಳಗೂ ಅಯಸ್ಕಾಂತದ ತುಂಡುಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಾಲಾಗಿ ಕೂರಿಸಿರುತ್ತೇವೆ. ಅವುಗಳ ನಡುವೆ ಎಲೆಕ್ಟ್ರಾನುಗಳು ಕುಡಿದವರ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಕೊಂಡು ಹೋಗುತ್ತವೆ. ವಾಲಿದಾಗೆಲ್ಲ ಒಂದಿಷ್ಟು ಬೆಳಕು ಉದುರುತ್ತದೆ. ಎರಡು ತುದಿಯಲ್ಲಿರುವ ಎರಡು ಕನ್ನಡಿಗಳು ಆ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಎಸೆಯುತ್ತವೆ. ಬೆಳಕು ಒಂದು ಸುತ್ತು ಮುಗಿಸಿ ಬರುವುದಕ್ಕೂ ಮುಂದಿನ ಗುಂಪು ಎಲೆಕ್ಟ್ರಾನು ಅಲ್ಲಿಗೆ ತಲುಪುವುದಕ್ಕೂ ಸರಿಹೋಗಬೇಕು. ಬೂದಿಕೋಟೆಯ ಬಸ್ಸು ಬಂಗಾರಪೇಟೆಗೆ ಬರುವ ಹೊತ್ತಿಗೆ ಮಾರಿಕುಪ್ಪಂ ರೈಲು ಇನ್ನೂ ನಿಂತಿರಬೇಕಲ್ಲ, ಹಾಗೆ. ತಪ್ಪಿದರೆ ಬೆಳಕು ಪ್ಲಾಟ್‌ಫಾರಂ ಮೇಲೆ ಕೂತು ಬೀಡಿ ಸೇದಬೇಕು. ಸರಿಹೋದರೆ ಸುತ್ತು ಸುತ್ತಿಗೂ ಬೆಳೆಯುತ್ತ ಹೋಗುತ್ತದೆ. ಬಸ್ಸಿಗೆ ಐದು ನಿಮಿಷದ ರಿಯಾಯಿತಿ ಉಂಟು. ನಮ್ಮ ಕನ್ನಡಿಗೆ ಒಂದು ಕೂದಲಿನ ದಪ್ಪದಷ್ಟೂ ಇಲ್ಲ.

ಕನ್ನಡಿ ಅಂದರೆ ಗಾಜಲ್ಲ. ತಾಮ್ರದ ಬಿಲ್ಲೆ, ಮೇಲೆ ಚಿನ್ನದ ತೆಳು ಲೇಪ. ಚಿನ್ನದ ಗಣಿಯ ಊರಿನಲ್ಲಿ, ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳಿಂದ ಕೂಗಳತೆಯಲ್ಲಿದ್ದ ನಮ್ಮ ಪ್ರಯೋಗಾಲಯದ ಒಟ್ಟು ಚಿನ್ನ ಅಷ್ಟೇ. ಅದೂ ಹೊರದೇಶದಿಂದ ಬಂದದ್ದು. ತಾತ ಮುತ್ತಾತರೆಲ್ಲ ಗಣಿಗಿಳಿದ ಮನೆಯವರು ನಮ್ಮಲ್ಲಿ ಹಲವರಿದ್ದರು. ಪೆಟ್ಟಿಗೆ ಬಿಚ್ಚಿದ ದಿನ ಅವರೆಲ್ಲ ಸಾಲಾಗಿ ಬಂದು ನೋಡಿ, ವಾಪಸು ಹೋದರು.

ನಾನು ಐಟಿಐ ಮುಗಿಸಿ ಬಂಗಾರಪೇಟೆಯ ಒಂದು ಲೇತ್ ಅಂಗಡಿಯಲ್ಲಿ ಬೋರ್‌ವೆಲ್ ಪಂಪಿನ ಭಾಗಗಳನ್ನು ಕಡೆಯುತ್ತಿದ್ದವನು. ಸಂದರ್ಶನದಲ್ಲಿ ಲೇಸರ್ ಬಗ್ಗೆ ಏನು ಗೊತ್ತು ಎಂದರು. ಏನೂ ಗೊತ್ತಿಲ್ಲ, ಆದರೆ ನೀವು ಮೇಜಿನ ಮೇಲೆ ತೋರಿಸಿಟ್ಟಿರುವ ಆ ಉಕ್ಕಿನ ತುಂಡಿಗೆ ಯಾರೋ ಮೊಂಡು ಟೂಲ್ ಹಾಕಿದ್ದಾರೆ ಎಂದೆ. ಕೆಲಸ ಸಿಕ್ಕಿತು. ಬಡ್ತಿಗಳ ಕಥೆ ಬರೆಯುವುದಿಲ್ಲ. ಅವು ನೋಟಿಸ್ ಬೋರ್ಡಿಗೆ ಬಂದ ದಿನ ನಾನು ಸಾಮಾನ್ಯವಾಗಿ ರಜೆಯ ಮೇಲಿರುತ್ತಿದ್ದೆ.

ನಮ್ಮ ಮುಖ್ಯಸ್ಥರು ದೇಸಾಯಿ ಸಾಹೇಬರು, ಧಾರವಾಡ ಕಡೆಯವರು. ಓದಿದವರು ಎಂದರೆ ನಿಜಕ್ಕೂ ಓದಿದವರು. ಯಾವ ಪುಸ್ತಕದ ಯಾವ ಪುಟದಲ್ಲಿ ಏನಿದೆ ಎಂದು ನಿಂತಲ್ಲೇ ಹೇಳುತ್ತಿದ್ದರು. ಯಂತ್ರವಿದ್ದ ಹಾಲಿನ ಬಾಗಿಲು ಎಳೆಯಬೇಕೋ ತಳ್ಳಬೇಕೋ ಎಂಬುದು ಮಾತ್ರ ನಾನು ನಿವೃತ್ತನಾಗುವವರೆಗೂ ಅವರಿಗೆ ಖಾತ್ರಿಯಾಗಲಿಲ್ಲ.

ಅಯಸ್ಕಾಂತಗಳನ್ನು ತರಿಸುವಾಗ ಕಂಪನಿಯವನ ಜೊತೆ ಮಾತಾಡಲು ನನ್ನನ್ನೂ ಕೂರಿಸಿದರು. ದರದ ವಿಷಯ ಮೇಲಿನವರು ಮುಗಿಸಿಬಿಟ್ಟಿದ್ದರು. ಅಂದರೆ ಅವನು ಹೇಳಿದ್ದಕ್ಕೆ ತಲೆಯಾಡಿಸಿದ್ದರು. ನಾನು ಕೇಳಿದೆ, "ಎಲ್ಲಾ ಸರಿ ಸ್ವಾಮಿ, ಕೊಸರು ಎಷ್ಟು ಹಾಕ್ತೀರಿ?"

ಅವನು ಕೋಟು ಹಾಕಿಕೊಂಡು ಬಂದವನು, ಪಾಪ, ತೂಕದ ಮೇಲೆ ಬಿಟ್ಟಿ ಹಾಕುವ ಕೊಸರು ಅವನಿಗೆ ತಿಳಿಯಲಿಲ್ಲ. ಸಾಹೇಬರೇ ಅರ್ಥ ಮಾಡಿಕೊಂಡು ಮುಖ ಕೆಂಪಗೆ ಮಾಡಿಕೊಂಡರು. "ಏನ್ರೀ ಆಂಜಿನಪ್ಪ, ಇದು ಪ್ರಯೋಗಾಲಯ ಅದ, ಸಂತಿ ಅಲ್ಲ. ಕೊತ್ತಂಬರಿ ತಗೋಳಿಕ್ಕೆ ಬಂದೀರೇನು?"

"ಕೊತ್ತಂಬರಿಗೇ ಕೊಸರು ಕೊಡ್ತಾರೆ ಸಾರ್. ಇವರು ಅದಕ್ಕಿಂತ ಕಡಿಮೇನಾ?"

ಹತ್ತಕ್ಕೆ ಒಂದರಂತೆ ಹೆಚ್ಚುವರಿ ತುಂಡು ಕೊಡುವುದಾಗಿ ಬರೆಸಿಕೊಂಡೆ. ಕಿರಿಯರಿಗೆ ನನ್ನ ಸಲಹೆ ಇಷ್ಟೇ. ದರದಲ್ಲಿ ಗೆದ್ದವನು ಮನೆಗೆ ಹೋಗಿ ನಿದ್ದೆ ಮಾಡುತ್ತಾನೆ. ಕೊಸರು ಕೇಳಿದವನಿಗೆ ಆರು ತಿಂಗಳಾದ ಮೇಲೆ ಕೆಲಸ ನಡೆಯುತ್ತದೆ. ಹಾಗೇ ಆಯಿತು. ಬಂದ ತುಂಡುಗಳಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ಒಂದು ಬಲವಾಗಿ ಎಳೆಯುತ್ತಿತ್ತು, ಇನ್ನೊಂದು ಸೋಮಾರಿ.

ಸಾಹೇಬರು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಎಂದರು. ತಪಾಸಣೆಗೆ ಬಂದವರು ಒಂದು, ಎರಡು, ಮೂರು ಎಂದು ಎಣಿಸಲು ಅನುಕೂಲವಂತೆ. ಜೋಡಿಸಿದೆವು. ಎಲೆಕ್ಟ್ರಾನುಗಳು ಅರ್ಧ ದಾರಿಯಲ್ಲೇ ಕೊಳವೆಯ ಗೋಡೆಗೆ ಹೋಗಿ ಹೊಡೆದುಕೊಂಡವು. ತಪಾಸಣೆಯವರಿಗೆ ಮಾತ್ರ ಬಹಳ ಸಂತೋಷವಾಯಿತು.

ಸೆಲ್ವಿಯನ್ನು ನಾನು ಗಮನಿಸಿದ್ದು ಆಗ. ಮಾರಿಕುಪ್ಪಂನವಳು, ಡಿಪ್ಲೊಮಾ ಓದಿ ಏಜೆನ್ಸಿಯ ಮೂಲಕ ಕಾಂಟ್ರ್ಯಾಕ್ಟ್ ಆಪರೇಟರ್ ಆಗಿ ಬಂದಿದ್ದಳು. ಅಪ್ಪ ಇರಲಿಲ್ಲ. ತಾಯಿಯ ಔಷಧಿಯೂ ತಮ್ಮನ ಕಾಲೇಜೂ ಇವಳ ಸಂಬಳದ ಮೇಲೇ ನಡೆಯುತ್ತಿದ್ದವು. ಪ್ರತಿ ಮಾರ್ಚಿನಲ್ಲಿ ಅವಳ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು, ಪ್ರತಿ ಏಪ್ರಿಲ್‌ನಲ್ಲಿ ಯಾರೋ ದಯಮಾಡಿ ಮುಂದುವರಿಸುತ್ತಿದ್ದರು. ಅವಳು ಒಂದೊಂದು ತುಂಡನ್ನೂ ಅಳತೆಯ ಸಲಕರಣೆಯ ಕೆಳಗಿಟ್ಟು ಬಲವನ್ನು ಬರೆದುಕೊಂಡಳು. ಮೂರು ವಾರ ಹಿಡಿಯಿತು. ಬೇಸರದ ಕೆಲಸ, ಆದ್ದರಿಂದ ಬೇರೆ ಯಾರೂ ಪಾಲು ಕೇಳಲಿಲ್ಲ.

ಪಟ್ಟಿ ಮುಂದಿಟ್ಟುಕೊಂಡು ತನ್ನ ತಮಿಳು ಬೆರೆಸಿ ಹೇಳಿದಳು, "ಎನ್ನಣ್ಣಾ ಇದು, ಒಂದಕ್ಕೊಂದು ಸೇರೋದೇ ಇಲ್ವಲ್ಲ. ಎಲ್ಲ ವಾಪಸ್ ಕಳಿಸೋದಾ?"

"ಎತ್ತು ಕಟ್ಟೋದು ನೋಡಿದೀಯೇನಮ್ಮ? ಒಂದು ಜೋರು, ಒಂದು ಸಪ್ಪೆ ಕಟ್ಟಿದ್ರೆ ನೇಗಿಲು ವಾಲ್ಕೊಂತದೆ. ಜೋರಿಗೆ ಜೋರು, ಸಪ್ಪೆಗೆ ಸಪ್ಪೆ ಕಟ್ಟು."

ಅವಳು ಪಟ್ಟಿಯ ಮೇಲೆ ಬೆರಳಾಡಿಸಿ, "ಅಕ್ಕಪಕ್ಕ ಉತ್ತರ ದಕ್ಷಿಣ ಅಲ್ವಾ ಬರೋದು. ಒಂದು ಆ ಕಡೆ ಎಷ್ಟು ಜಾಸ್ತಿ ತಳ್ಳುತ್ತೋ ಇನ್ನೊಂದು ಈ ಕಡೆ ಅಷ್ಟೇ ತಳ್ಳುತ್ತೆ. ಸರಿಹೋಗುತ್ತೆ ಅಣ್ಣಾ," ಎಂದಳು. ನಾನು ಎತ್ತಿನ ಮಾತಾಡಿದ್ದೆ. ಅದು ಯಾಕೆ ಸರಿ ಎಂದು ಕಂಡುಕೊಂಡವಳು ಅವಳು. ಯಾವುದಕ್ಕೂ ಜೋಡಿಯಾಗದ ತುಂಡುಗಳನ್ನು ಪಕ್ಕಕ್ಕಿಟ್ಟು ಕೊಸರಿನಿಂದ ತುಂಬಿದೆವು. ಎಲೆಕ್ಟ್ರಾನುಗಳು ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟಿದವು. ಸಾಹೇಬರು ನಾಲ್ಕು ದಿನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, ನಮ್ಮ ಜೋಡಣೆ ಸ್ವೀಕಾರಾರ್ಹ ಎಂದು ಒಪ್ಪಿಗೆ ಕೊಟ್ಟರು. ಅಷ್ಟರಲ್ಲಿ ಯಂತ್ರ ಮೂರು ದಿನದಿಂದ ಓಡುತ್ತಿತ್ತು.

ಎಲೆಕ್ಟ್ರಾನು ಓಡಿದರೂ ಬೆಳಕು ಬರಲಿಲ್ಲ. ತಿಂಗಳುಗಟ್ಟಲೆ ಬರಲಿಲ್ಲ. ಗೆರೆ ಸತ್ತವನ ಹಾಗೆ ನೆಟ್ಟಗೆ ಮಲಗಿತ್ತು. ಮುಂದಿನ ತಿಂಗಳು ಸಮಿತಿ ಬರುವುದಿತ್ತು. ಬೆಳಕಿಲ್ಲದಿದ್ದರೆ ಯಂತ್ರವನ್ನು ಬಿಚ್ಚಿ ಬೇರೆ ಊರಿಗೆ ಸಾಗಿಸುತ್ತಾರೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಹುಟ್ಟಿ ಕ್ಯಾಸಂಬಳ್ಳಿಯವರೆಗೂ ಹೋಗಿತ್ತು.

ಕನ್ನಡಿಯನ್ನು ಹಿಂದೆ ಮುಂದೆ ಸರಿಸಲು ಒಂದು ಪುಟ್ಟ ಮೋಟಾರ್ ಇತ್ತು. ಅದು ಮೊದಲ ವಾರವೇ ಕೈ ಕೊಟ್ಟಿತು, ಬದಲಿ ಹಡಗಿನಲ್ಲಿ ಬರುತ್ತಲೇ ಇತ್ತು. ಆದ್ದರಿಂದ ದಿನಾ ಬೆಳಗ್ಗೆ ಯಂತ್ರ ಚಾಲೂ ಮಾಡುವ ಮೊದಲು ನಾನು ಹಾಲಿಗೆ ಹೋಗಿ ಕೈಯಿಂದಲೇ ಮೈಕ್ರೋಮೀಟರ್ ತಿರುಪನ್ನು ಸಾಹೇಬರ ಅಂಕಿಗೆ ತಂದಿಡಬೇಕು. ಅಂಕಿಯನ್ನು ಅವರು ಲೆಕ್ಕ ಹಾಕಿ, ಲ್ಯಾಮಿನೇಟ್ ಮಾಡಿಸಿ, ಗೋಡೆಗೆ ಅಂಟಿಸಿದ್ದರು. ದೇವರ ಪಟದ ಪಕ್ಕದಲ್ಲೇ. ಅತ್ತ ಇತ್ತ ಸ್ವಲ್ಪ ಹುಡುಕಿ ನೋಡೋಣವೇ ಸಾರ್ ಎಂದರೆ, "ಲೆಕ್ಕದಾಗ ಬಂದದ್ದನ್ನ ಹುಡುಕೂದು ಯಾಕ್ರೀ? ಕಳಕೊಂಡವರು ಹುಡುಕತಾರ," ಎನ್ನುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯ.

ಬಂಗಾರಪೇಟೆಯ ಲೇತ್ ಅಂಗಡಿಗೆ ತಗಡಿನ ಸೂರು. ಬೆಳಗ್ಗೆ ಅಳತೆಗೆ ಸರಿಯಾಗಿ ಕಡೆದ ಕಬ್ಬಿಣ ಮಧ್ಯಾಹ್ನದ ಬಿಸಿಲಿಗೆ ಉಬ್ಬಿ ಕೂರುತ್ತಿತ್ತು. ನಮ್ಮ ಮೇಸ್ತ್ರಿ ಕಲಿಸಿದ್ದು ಒಂದೇ ಪಾಠ: "ಬೆಳಿಗ್ಗೆ ಅರ್ಧ ಕೂದ್ಲು ಕಮ್ಮಿ ಇಡ್ಲಾ, ಮದ್ಯಾನಕ್ಕೆ ಅದೇ ಬೆಳ್ಕೊಂತದೆ." ಹನ್ನೊಂದು ವರ್ಷ ಹಾಗೇ ಮಾಡಿದ ಕೈ ಇದು. ಒಂದು ದಿನ ಬೆಳಗ್ಗೆ ಹಾಲಿನಲ್ಲಿ ತಿರುಪು ಹಿಡಿದು ನಿಂತಾಗ ಹೊಳೆಯಿತು. ಎಲಾ, ನಾವು ಬೆಳಗ್ಗೆ ಅಂಕಿಗೆ ಸರಿಯಾಗಿ ಇಡುತ್ತೇವೆ, ಯಂತ್ರ ಓಡಿ ಬಿಸಿಯಾದಾಗ ಅಡಿಯ ಕಬ್ಬಿಣ ಬೆಳೆದು ಕನ್ನಡಿಗಳು ದೂರ ಹೋಗುತ್ತವೆ, ಬೆಳಕು ಹೇಗೆ ಬಂದೀತು? ಯಾರಿಗೂ ಹೇಳದೆ ಅರ್ಧ ಕೂದಲಿನಷ್ಟು ಹತ್ತಿರಕ್ಕೆ ತಿರುಗಿಸಿ, ಬಾಗಿಲು ಹಾಕಿಕೊಂಡು ಬಂದು ಕಾಫಿ ಕುಡಿದೆ.

ಅಂದು ಗೆರೆ ಉಬ್ಬಿತು.

ಕಂಟ್ರೋಲ್ ರೂಮಿನಲ್ಲಿ ಸೆಲ್ವಿ ಒಬ್ಬಳೇ ಇದ್ದಳು. ಕೂಗಲಿಲ್ಲ, ಕುಣಿಯಲಿಲ್ಲ. ಕ್ಯಾಮೆರಾದಲ್ಲಿ ಮೈಕ್ರೋಮೀಟರಿನ ಅಂಕಿ ಕಾಣುತ್ತದೆ. ಕಂಡ ಅಂಕಿಯನ್ನು ಕಂಡ ಹಾಗೆ ಲಾಗ್‌ಬುಕ್ಕಿನಲ್ಲಿ ಬರೆದು, ಉಬ್ಬಿನ ಚಿತ್ರ ಅಂಟಿಸಿ, ಆಪರೇಟರ್ ಎಂಬಲ್ಲಿ ಸೈನ್ ಹಾಕಿ ಸಾಹೇಬರಿಗೆ ಫೋನ್ ಮಾಡಿದಳು.

ಸಾಹೇಬರು ಬಂದರು, ಬಾಗಿಲು ತಳ್ಳಿದರು, ಆಮೇಲೆ ಎಳೆದರು. ಉಬ್ಬು ನೋಡಿ ಮುಖ ಅರಳಿತು. ಲಾಗ್‌ಬುಕ್ ನೋಡಿ ಬಾಡಿತು. ಗೋಡೆಯ ಅಂಕಿಯೇ ಬೇರೆ, ಪುಟದ ಅಂಕಿಯೇ ಬೇರೆ. "ಅಂಕಿ ತಪ್ಪಿದಾಗ ಬಂದ ಬೆಳಕು ಬೆಳಕಲ್ಲ. ಇದು ಬರೇ ಗದ್ದಲ, ನಾಯ್ಸ್," ಎಂದು ತೀರ್ಪು ಕೊಟ್ಟು, ಮರುದಿನ ತಾವೇ ಎದುರು ನಿಂತು ತಿರುಪನ್ನು ತಮ್ಮ ಅಂಕಿಗೆ ತರಿಸಿದರು. ಗೆರೆ ಮತ್ತೆ ಮಲಗಿತು. ಅವರಿಗೆ ಸಮಾಧಾನವಾಯಿತು. ನಾನು ಅಂಕಿಗೆ ಸರಿಯಾಗಿ ಇಟ್ಟು ಹೋದ ಮೇಲೆ, ಪುಟಕ್ಕೆ ಸೈನ್ ಹಾಕಿದವಳೇ ಬದಲಿಸಿದಳೆಂದು ಅವರ ಎಣಿಕೆ; ಅದೇ ಸಂಜೆ ಸೆಲ್ವಿಗೆ ಮೆಮೊ ಹೋಯಿತು. ಅನುಮತಿಯಿಲ್ಲದೆ ನಿಗದಿತ ಅಂಕಿಯನ್ನು ಬದಲಿಸಿದ್ದಕ್ಕೆ ಐದು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಏಜೆನ್ಸಿಗೆ ವಾಪಸು. ಏಜೆನ್ಸಿಗೆ ವಾಪಸು ಎಂದರೆ ಮನೆಗೆ ಎಂದು ಓದಿಕೊಳ್ಳಬೇಕು.

ಹಾಲಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳ ಬಳಿ, ಇನ್ನೊಂದು ನನ್ನ ಬಳಿ. ಅವಳು ತಿರುಗಿಸಿಲ್ಲ ಎಂದು ಅವಳಿಗೆ ಗೊತ್ತು. ಉಳಿದದ್ದು ಎಣಿಸಲು ಡಿಪ್ಲೊಮಾ ಬೇಡ.

ನಾನು ಬಾಯಿ ಬಿಡಲಿಲ್ಲ. ನಿವೃತ್ತಿಗೆ ಎರಡು ವರ್ಷವೂ ಇರಲಿಲ್ಲ, ಸೇವಾ ಕಡತದಲ್ಲಿ ಒಂದು ಕಲೆಯೂ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಕಾರಣ ಇನ್ನೊಂದಿತ್ತು. ಹಾಲಿನಲ್ಲಿ ಎಸಿ ಇದೆ, ಹಗಲೂ ಇರುಳೂ ಒಂದೇ ತಂಪು. ಕನ್ನಡಿಗಳು ಕೂತಿರುವ ಲೋಹ ಬಿಸಿಗೆ ಬೆಳೆಯದ ಜಾತಿಯದು. ಅದನ್ನು ಬಂಗಾರಪೇಟೆಯಲ್ಲಿ ಕಡೆಸಿ ತಂದು ಕೂರಿಸಿದವನೇ ನಾನು. ಆದರೂ ಕೈ ತಗಡಿನ ಸೂರಿನ ಕೆಳಗೇ ಇತ್ತು. ಊರಿಗೆಲ್ಲ ಬುದ್ಧಿ ಹೇಳುವ ಆಂಜಿನಪ್ಪ ಇಂಥ ಕಾರಣಕ್ಕೆ ತಿರುಪು ತಿರುಗಿಸಿದ ಎಂದು ಕ್ಯಾಂಟೀನಿನಲ್ಲಿ ಕೇಳಬೇಕಾಗುತ್ತಿತ್ತಲ್ಲ.

ಮೊದಲ ದಿನ ಅವಳು ಎದುರು ಬಂದಾಗ ಮೊಬೈಲ್ ನೋಡಿದೆ. ಎರಡನೆಯ ದಿನ ಬೇರೆ ಬಾಗಿಲಿನಿಂದ ಹೋದೆ. ಮೂರನೆಯ ದಿನ ಅವಳೇ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಮೆಮೊ, ಒಂದು ಬಿಳಿ ಹಾಳೆ.

"ಉತ್ತರ ಬರೆದು ಕೊಡ್ರಿ ಅಣ್ಣಾ. ಇಲ್ಲಿ ಎಲ್ಲರ ಮೆಮೊಗೂ ನೀವೇ ಬರೆಯೋದಂತೆ."

ಅದು ನಿಜ. ತಡವಾಗಿ ಬಂದವರು, ಮೇಲಿನವರಿಗೆ ಎದುರು ಮಾತಾಡಿದವರು, ಎಲ್ಲರಿಗೂ ಬರೆದುಕೊಟ್ಟಿದ್ದೇನೆ. ನನ್ನ ಒಕ್ಕಣೆ ಓದಿದರೆ ತಪ್ಪು ಮಾಡಿದವನಿಗೇ ಬಹುಮಾನ ಕೊಡಬೇಕು ಅನ್ನಿಸುತ್ತಿತ್ತು. ಪೆನ್ನು ತೆಗೆದುಕೊಂಡೆ.

"ಏನ್ ಬರೀಬೇಕು ಏಳಮ್ಮ."

"ನಾನು ತಿರುಗಿಸಿಲ್ಲ ಅಂತ ಬರೀರಿ."

ಬರೆದೆ.

"ಕಂಡ ಅಂಕಿ ಬರೆದೆ ಅಂತ ಬರೀರಿ."

ಬರೆದೆ.

"ಹಾಗಾದ್ರೆ ಯಾರು ತಿರುಗಿಸಿದ್ದು ಅಂತ ಕೇಳ್ತಾರಲ್ಲ. ಅದಕ್ಕೇನು ಬರೀತೀರಿ?"

ಅವಳು ನನ್ನ ಮುಖ ನೋಡಲಿಲ್ಲ, ಪೆನ್ನಿನ ತುದಿ ನೋಡುತ್ತಿದ್ದಳು. ನಾನು ಬರೆದೆ: ಈ ಬಗ್ಗೆ ನನಗೆ ಯಾವುದೇ ಮಾಹಿತಿ ಇರುವುದಿಲ್ಲ. ಅಕ್ಷರ ಚೆನ್ನಾಗಿಯೇ ಬಂತು.

ಅವಳು ಹಾಳೆ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಮತ್ತೆ ನನ್ನ ಮೇಜಿನ ಮೇಲೆ ಇಟ್ಟಳು. "ಇದಕ್ಕೆ ಸೈನ್ ಹಾಕೋಕೆ ಆಗಲ್ಲ ಅಣ್ಣಾ. ಕೊನೇ ಸಾಲು ಸುಳ್ಳು."

"ನೀನೇ ಏಳ್ಬೋದಾಗಿತ್ತಲ್ಲಮ್ಮ ಸಾಹೇಬ್ರಿಗೆ."

"ನಾನು ಯಾಕೆ ಹೇಳ್ಲಿ? ಹೇಳೋ ಕೆಲಸ ನಂದಲ್ಲ." ಎದ್ದು ಹೋದಳು. ಸ್ಟೂಲನ್ನು ಅದರ ಜಾಗಕ್ಕೆ ಇಟ್ಟೇ ಹೋದಳು.

ಆ ಮಧ್ಯಾಹ್ನ ಸಾಹೇಬರ ಕೋಣೆಗೆ ಹೋದೆ. ಲಾಗ್‌ಬುಕ್ಕನ್ನು ಬಗಲಲ್ಲಿ ಇಟ್ಟುಕೊಂಡು ಹೋದೆ. ಅದರ ಉಸ್ತುವಾರಿ ನನ್ನದು. ಬರಿಗೈಯಲ್ಲಿ ಚೌಕಾಸಿಗೆ ಹೋಗಬಾರದು, ಇದನ್ನು ಬರೆದಿಟ್ಟುಕೊಳ್ಳಿ.

"ತಿರುಗಿಸಿದ್ದು ನಾನು ಸಾರ್," ಎಂದೆ. ಬಿಸಿಲು, ತಗಡು, ಮೇಸ್ತ್ರಿ, ಎಲ್ಲ ಹೇಳಿದೆ.

ಸಾಹೇಬರು ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಲ್ರೀ, ಎಸಿ ಹಾಲ್‌ನ್ಯಾಗ ಕಬ್ಬಿಣ ಬೆಳೀತದೇನ್ರೀ? ಅದು ಕಬ್ಬಿಣನೂ ಅಲ್ಲ."

"ಬೆಳೆಯಲ್ಲ ಸಾರ್. ಈಗ ಗೊತ್ತಾಯಿತು. ಹಾಗಾದರೆ ಬೆಳಕು ಯಾಕೆ ಬಂತು?"

ನಗು ಅರ್ಧಕ್ಕೆ ನಿಂತಿತು. ಅವರು ಲಾಗ್‌ಬುಕ್ ಎಳೆದುಕೊಂಡು ಆ ಪುಟ ನೋಡಿದರು. ಇದು ಗದ್ದಲ ಎಂದ ಮೇಲೆ ಅವರು ಆ ಚಿತ್ರವನ್ನು ಎರಡನೆಯ ಸಲ ನೋಡಿರಲೇ ಇಲ್ಲ. ಪೆನ್ಸಿಲ್ ಹಿಡಿದು ಏನೋ ಗೀಚಿದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಪುಟ ಹುಡುಕಬೇಕಾಗಲಿಲ್ಲ, ನೇರ ಅಲ್ಲಿಗೇ ಹೋದರು.

ವಿಷಯ ಇಷ್ಟು. ಎಲೆಕ್ಟ್ರಾನುಗಳು ಬೆಳಕಿಗೆ ತಮ್ಮ ಪಾಲು ಸೇರಿಸುವುದು ಅಯಸ್ಕಾಂತದ ಸಾಲು ಮುಗಿಯುತ್ತ ಬಂದಾಗ. ಅಷ್ಟರಲ್ಲಿ ಅವು ಬೆಳಕಿಗಿಂತ ಕೊಂಚ ಹಿಂದೆ ಬಿದ್ದಿರುತ್ತವೆ. ಹಾಗಾಗಿ ಬೆಳಕಿನ ಹಿಂಭಾಗ ಮಾತ್ರ ದಪ್ಪವಾಗುತ್ತದೆ, ಒಟ್ಟಿನಲ್ಲಿ ನೋಡಿದರೆ ಬೆಳಕೇ ಸುತ್ತು ಸುತ್ತಿಗೂ ಸೋಮಾರಿಯ ಹಾಗೆ ಹಿಂದೆ ಸರಿಯುತ್ತದೆ. ಕನ್ನಡಿಗಳನ್ನು ಲೆಕ್ಕಕ್ಕೆ ಸರಿಯಾಗಿ ಇಟ್ಟರೆ ಬೆಳಕು ಪ್ರತಿ ಸಲ ತಡ. ಅರ್ಧ ಕೂದಲು ಹತ್ತಿರ ಇಟ್ಟರೆ ದಾರಿ ಕಡಿಮೆಯಾಗಿ, ಸೋಮಾರಿಯೂ ಹೊತ್ತಿಗೆ ಸರಿಯಾಗಿ ಬರುತ್ತಾನೆ.

"ಇದು ಪುಸ್ತಕದಾಗ ಅದ," ಎಂದರು ಸಾಹೇಬರು ಮೆಲ್ಲಗೆ. "ನಾನೇ ಹುಡುಗರಿಗೆ ಪಾಠ ಮಾಡೇನಿ." ಅವರ ಮುಖ ನೋಡಿ ಒಂದು ಕ್ಷಣ ಪಾಪ ಅನ್ನಿಸಿತು. ಪುಸ್ತಕದಲ್ಲಿದ್ದದ್ದು ಅವರಿಗೆ ಗೊತ್ತಿತ್ತು, ತಿರುಪು ನನ್ನ ಕೈಯಲ್ಲಿತ್ತು, ನಡುವೆ ಎಳೆಯಬೇಕೋ ತಳ್ಳಬೇಕೋ ಗೊತ್ತಾಗದ ಆ ಬಾಗಿಲು.

ಪಾಪ ಅನ್ನಿಸಿದ್ದು ಒಂದೇ ಕ್ಷಣ. ಅವರು ಕನ್ನಡಕ ಸರಿಪಡಿಸಿಕೊಂಡು, "ಸಮಿತಿ ಮುಂದ ಹೀಂಗ ಇಡೋಣ. ಮುಖ್ಯಸ್ಥರ ನಿರ್ದೇಶನದಂತೆ ಅಂಕಿ ಬದಲಿಸಿ ಪ್ರಯೋಗ ಮಾಡಲಾಯಿತು. ಈ ಪುಟದ ಪ್ರತಿ ಲಗತ್ತು ಮಾಡ್ರಿ," ಎಂದರು.

ನಾನು ಪುಟದ ಮೇಲೆ ಅಂಗೈ ಇಟ್ಟೆ.

"ಈ ಪುಟದ ಮೇಲೆ ಮೆಮೊ ಇದೆ ಸಾರ್."

"ಇರಲಿ. ಅದು ಬ್ಯಾರೆ ಕಡತ."

"ಕಡತ ಬೇರೆ ಇರಬಹುದು, ಪುಟ ಒಂದೇ. ಈ ಪುಟ ಅಪರಾಧವಾದರೆ ಸೆಲ್ವಿ ಮನೆಗೆ ಹೋಗುತ್ತಾಳೆ, ಬೆಳಕೂ ಗದ್ದಲವೇ, ಸಮಿತಿಗೆ ತೋರಿಸಲು ಏನೂ ಇಲ್ಲ. ಈ ಪುಟ ಶೋಧನೆಯಾದರೆ ಅದನ್ನು ಬರೆದವಳು ಸರಿ. ಎರಡರಲ್ಲಿ ಯಾವುದು ಬೇಕೋ ತಗೊಳ್ಳಿ. ಎರಡೂ ಸೇರಿಸಿ ಕೊಡೋಕೆ ನನ್ನ ಹತ್ತಿರ ಆಗಲ್ಲ."

ಸಾಹೇಬರು ಬಹಳ ಹೊತ್ತು ಪೆನ್ಸಿಲ್ ಉರುಳಿಸಿದರು. ನಾನು ಕಾದೆ. ಚೌಕಾಸಿಯಲ್ಲಿ ಮಾತು ಮುಗಿಸಿದವನು ಮತ್ತೆ ಬಾಯಿ ತೆರೆಯಬಾರದು. ಎಷ್ಟೋ ಜನ ಗೆದ್ದ ವ್ಯಾಪಾರವನ್ನು ಇನ್ನೊಂದು ಮಾತು ಸೇರಿಸಿ ಸೋಲುತ್ತಾರೆ.

"ಮೆಮೊ ವಾಪಸ್ ತಗೋತೀನಿ," ಎಂದರು ಕೊನೆಗೆ. "ಆದ್ರ ಅದು ರವಾನೆ ಪುಸ್ತಕದಾಗ ಏರೇದ್ರೀ. ಯಾರ ಮ್ಯಾಲಾದ್ರೂ ಮುಗೀಬೇಕಲ್ಲ."

"ನನ್ನ ಮೇಲೆ ಮುಗಿಸಿ."

"ನಿಮ್ಮ ನಿವೃತ್ತಿ ಹತ್ರ ಬಂದದ."

"ಗೊತ್ತು ಸಾರ್. ಮೂರು ದಿನದಿಂದ ಅದನ್ನೇ ಎಣಿಸ್ತಾ ಇದ್ದೆ."

ನನ್ನ ಕಡತದ ಏಕೈಕ ಮೆಮೊ ಹಾಗೆ ಬಂತು. ಅದಕ್ಕೆ ಉತ್ತರ ಬರೆದದ್ದೂ ನಾನೇ. ಜೀವನದಲ್ಲಿ ಬರೆದ ಅತಿ ಚಿಕ್ಕ ಉತ್ತರ: ಹೌದು.

ಸಮಿತಿ ಬರಲು ಹತ್ತು ದಿನ ಉಳಿದಿತ್ತು. ಬೆಳಕು ಬಂದರೂ ಅದು ಬಡಕಲು. ನಾನು ಅರ್ಧ ಕೂದಲಿಗೆ ತೃಪ್ತಿಪಟ್ಟು ಕೂತಿದ್ದೆ. ಸೆಲ್ವಿ ಕೂರಲಿಲ್ಲ. ದಿನವೂ ಬೇರೆ ಬೇರೆ ಅಂಕಿಗೆ ಇಡಿಸಿ, ಬಂದ ಉಬ್ಬುಗಳನ್ನೆಲ್ಲ ಒಂದರ ಪಕ್ಕ ಒಂದು ಅಂಟಿಸಿ ಸಾಹೇಬರ ಮುಂದೆ ಹಾಸಿದಳು.

"ಸಾರ್, ಕನ್ನಡಿ ಜಾಸ್ತಿ ಹತ್ತಿರ ಇದ್ರೆ ಬೆಳಕು ಬೇಗ ಏಳುತ್ತೆ, ಆದ್ರೆ ಕುಳ್ಳಗೆ ನಿಲ್ಲುತ್ತೆ. ಕಮ್ಮಿ ಹತ್ತಿರ ಇದ್ರೆ ಎತ್ತರ ಬೆಳೆಯುತ್ತೆ, ಆದ್ರೆ ಅಷ್ಟರಲ್ಲಿ ಎಲೆಕ್ಟ್ರಾನ್ ನಿಂತೋಗುತ್ತೆ, ಅದು ಒಂದ್ಸಲ ಬಿಟ್ರೆ ಬರೋದೇ ಒಂದು ಕ್ಷಣ. ಮೊದಲು ಜಾಸ್ತಿ ಹತ್ತಿರದಲ್ಲಿ ಶುರು ಮಾಡಿ, ಎದ್ದ ಮೇಲೆ ಸ್ವಲ್ಪ ಬಿಟ್ರೆ?"

"ಒಂದ ಕ್ಷಣದಾಗ ಕನ್ನಡಿ ಯಾರು ಸರಸತಾರ? ಆಂಜಿನಪ್ಪನೇನು?"

"ಕನ್ನಡಿ ಬೇಡ ಸಾರ್. ಎಲೆಕ್ಟ್ರಾನ್ ಬರೋ ತಾಳ ಒಂಚೂರು ಬದಲಾಯಿಸಿದ್ರೆ ಅದೇ ಆಗುತ್ತಲ್ಲ. ಅದು ನಮ್ಮ ಕಂಪ್ಯೂಟರ್‌ನಲ್ಲೇ ಇದೆ."

ಸಾಹೇಬರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಅವರ ಬಗ್ಗೆ ಇಷ್ಟೆಲ್ಲ ಕುಹಕವಾಡಿದ ನಾನು ಇದನ್ನೂ ಬರೆಯಬೇಕು. ನಾಲ್ಕು ದಿನ ಊಟದ ಡಬ್ಬಿ ಅಲ್ಲೇ ಬಿಚ್ಚಿ, ಇಬ್ಬರೂ ಸೇರಿ ಅದನ್ನು ಆಗುಮಾಡಿದರು. ಗೆರೆಯ ಉಬ್ಬು ಪರದೆಯ ತಲೆಗೆ ತಾಗಿತು. ನಾನು ಹಿಂದೆ ನಿಂತು ನೋಡಿದೆ. ಸಂತೆಯಲ್ಲಿ ಗಿರಾಕಿಯನ್ನು ಮೊದಲು ಬಿಗಿಯಾಗಿ ಹಿಡಿದು, ಕೂತ ಮೇಲೆ ಸ್ವಲ್ಪ ಸಡಿಲ ಬಿಡುವುದು ನನ್ನ 'ಗುಟ್ಟು' ಎಂದುಕೊಂಡಿದ್ದೆ. ಬೆಳಕಿಗೂ ಅದೇ ಬೇಕಿತ್ತು. ನನಗೆ ಹೊಳೆದಿರಲಿಲ್ಲ, ಅಷ್ಟೇ.

ಸಮಿತಿ ಬಂತು. ಒಬ್ಬ ಹಿರಿಯರು ಬೆಳಕು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಿದರು. ಸಾಹೇಬರು ಗೆರೆ ತೋರಿಸಿದರು. ಎಲ್ಲರೂ ಕೈ ಕುಲುಕಿದರು. ಯಂತ್ರ ನಮ್ಮೂರಿನಲ್ಲೇ ಉಳಿಯಿತು. ಆಪರೇಟರ್‌ಗೆ ಏಪ್ರಿಲ್‌ಗೆ ಕಾಯದೆ ಮೂರು ವರ್ಷದ ಆದೇಶ ಕೊಡಬೇಕೆಂದು ಸಮಿತಿಯ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿತು. ಅದನ್ನು ಸೇರಿಸಿದವರು ಸಾಹೇಬರೇ. ನಾನು ಚೌಕಾಸಿ ಮಾಡಿರಲಿಲ್ಲ.

ವರದಿಗೆ ಆ ಪುಟದ ಪ್ರತಿ ಬೇಕೆಂದು ಮರುದಿನ ಸಾಹೇಬರು ಹೇಳಿಕಳಿಸಿದರು. ತರಲು ಕಂಟ್ರೋಲ್ ರೂಮಿಗೆ ಹೋದೆ. ಮೆಮೊ ವಾಪಸಾದ ದಿನದಿಂದ ಸೆಲ್ವಿ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಅಣ್ಣಾ ಎನ್ನುವುದೂ ನಿಂತಿತ್ತು. ನನ್ನಿಂದಾಗಿ ಅವಳ ಕೆಲಸ ಉಳಿಯಿತು ಎಂದು ನನ್ನ ಲೆಕ್ಕ. ನನ್ನಿಂದಾಗಿಯೇ ಹೋಗುವುದಿತ್ತು ಎಂಬುದು ಅವಳ ಲೆಕ್ಕ. ಅವಳ ಲೆಕ್ಕವೇ ಸರಿ.

"ಪುಟ ಕೊಡಕ್ಕಾಗಲ್ಲ," ಎಂದಳು. "ಪೂರ್ತಿ ಆಗಿಲ್ಲ."

"ಏನ್ ಆಗಿಲ್ವಮ್ಮ? ಅಂಕಿ ಐತೆ, ಚಿತ್ರ ಐತೆ, ನಿನ್ ಸೈನ್ ಐತೆ."

ಅವಳು ಸ್ಕೇಲ್ ಇಟ್ಟು, ತನ್ನ ಸೈನಿನ ಪಕ್ಕದಲ್ಲಿ ನೆಟ್ಟಗೆ ಒಂದು ಗೆರೆ ಎಳೆದಳು. ಮೇಲೆ 'ತಿರುಗಿಸಿದವರು' ಎಂದು ಬರೆದಳು. ಈಗ ಅಲ್ಲಿ ಕೆಲಸಕ್ಕೆ ಸೇರುವವರು ಪ್ರತಿ ಪುಟದಲ್ಲೂ ಆ ಕಾಲಂ ಅಚ್ಚಾಗಿರುವುದನ್ನು ನೋಡುತ್ತಾರೆ. ಯಾರೋ ಮೇಲಿನವರು ಮಾಡಿದ ಸುಧಾರಣೆ ಎಂದುಕೊಳ್ಳುತ್ತಾರೆ.

"ಇಲ್ಲಿ ಸೈನ್ ಹಾಕ್ರಿ."

ಹಾಕಿದೆ. ಪೆನ್ನು ವಾಪಸ್ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ.

"ಮೂರು ದಿನ ತಡವಾಗಿ ಹೇಳಿದ್ದು ಅಂತಾನೂ ಬರೀರಿ, ಅಣ್ಣಾ."

ಬರೆದೆ. ಅವಳು ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಪೆನ್ನು ತೆಗೆದುಕೊಂಡು, ನನ್ನ ಸಾಲಿನ ಕೆಳಗೆ ಸೈನ್ ಹಾಕಿದಳು.